ಹುಣಸೆಹಣ್ಣಿನಲ್ಲಿ ತಿಕ್ಕಿದ ಬಿಲ್ಲೆ

ನದಿಯ ಈಚೆ ದಡದಲ್ಲಿ ಒಂದು ಊರು. ಅದಕ್ಕೊಂದು ಹೆಸರಿತ್ತು. ಈಗ ಆ ಹೆಸರು ಹೇಳಿದರೆ ಊರಿನವರೇ ‘ನಮ್ಮದಲ್ಲ’ ಎನ್ನುತ್ತಾರೆ, ಆದ್ದರಿಂದ ಬೇಡ. ಊರಿಗೊಂದು ಪಟಾಲಮು, ಪಟಾಲಮಿಗೊಬ್ಬ ದಳವಾಯಿ, ದಳವಾಯಿಯ ಪೇಟಕ್ಕೊಂದು ಹಿತ್ತಾಳೆಯ ಬಿಲ್ಲೆ. ಬೇರೆ ಕಡೆ ಮೊದಲು ಊರು ಹುಟ್ಟಿ, ಆಮೇಲೆ ಪಟಾಲಮು ಕಟ್ಟಿ, ಕೊನೆಗೆ ಅದಕ್ಕೊಂದು ಬಿಲ್ಲೆ ಮಾಡಿಸುತ್ತಾರೆ. ಇಲ್ಲಿ ಬಿಲ್ಲೆಯೇ ಮೊದಲು ಬಂತಂತೆ. ಅದನ್ನು ಚುಚ್ಚಿಕೊಳ್ಳಲು ಪೇಟ ಬೇಕಾಯಿತು, ಪೇಟದ ಕೆಳಗೊಂದು ತಲೆ ಬೇಕಾಯಿತು, ತಲೆಯ ಹಿಂದೆ ಒಂದು ಸಾಲು ಬೇಕಾಯಿತು, ಸಾಲಿಗೆ ಅನ್ನ ಹಾಕುವುದಕ್ಕೆ ಊರು ಹುಟ್ಟಿತು. ಹೀಗೆ ಹೇಳುವವರನ್ನು ನಂಬಬೇಕಾಗಿಲ್ಲ. ಸುಳ್ಳೆಂದು ತೋರಿಸಿಕೊಟ್ಟವರೂ ಯಾರೂ ಇಲ್ಲ.

ಆ ಊರಿನ ಕಟ್ಟಳೆ ಒಂದೇ. ಬಿಲ್ಲೆಗೇರಿದ್ದು ಬೀದಿಯಲ್ಲಿರಬಾರದು.

ಪಟಾಲಮು ನದಿ ದಾಟಿ ಹೋಗುತ್ತಿತ್ತು, ಗೆದ್ದೆವು ಎಂದು ಬರುತ್ತಿತ್ತು. ಯಾರನ್ನು ಎಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಗೆದ್ದು ಬಂದಾಗಲೆಲ್ಲ, ದಳವಾಯಿಯ ಪೇಟದಿಂದ ಹಿಡಿದು ಸಿಪಾಯಿಗಳ ಟೋಪಿಯವರೆಗೆ, ಬಿಲ್ಲೆಯ ಮೇಲೆ ಒಂದು ಹೊಸ ಗುರುತು ಏರುತ್ತಿತ್ತು. ಯಾವುದರ ಗುರುತು ಏರಿತೋ ಅದಕ್ಕೆ ಅಂದಿನಿಂದ ಎಂಥಾ ಗೌರವ ಎಂದರೆ, ಅದು ಇನ್ನು ಸಾಮಾನ್ಯರ ಬೀದಿಯಲ್ಲಿ ತಿರುಗುವುದು ಅಪಚಾರ. ಹಾಗಾಗಿ ಅದನ್ನು ವಾಲಗ ಊದಿಸಿ, ಕುಂಕುಮ ಹಚ್ಚಿ, ದೋಣಿ ಹತ್ತಿಸಿ ಆಚೆ ದಡಕ್ಕೆ ಕಳಿಸಿಬಿಡುತ್ತಿದ್ದರು.

ಮೊದಲು ಏರಿದ್ದು ಹುಂಜ. ಪಟಾಲಮಿನ ಗುರುತುಗಳಿಗೆ ಅರ್ಥ ಹೇಳಲೆಂದೇ ಇದ್ದ ಶಾಸ್ತ್ರಿಗಳು, “ಹುಂಜವೆಂದರೆ ಎಚ್ಚರ” ಎಂದರು. ಊರಿನ ಹುಂಜಗಳೆಲ್ಲ ಬುಟ್ಟಿಯಲ್ಲಿ ಕೂತು ನದಿ ದಾಟಿದವು. “ನಮ್ಮ ಹುಂಜಕ್ಕೆ ಎಂಥಾ ಭಾಗ್ಯ ಬಂತು!” ಎಂದು ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಮೊಟ್ಟೆಗಳು ಮರಿಯಾಗುವುದು ನಿಂತಿತು. ಊರು ಬೆಳಗಾದದ್ದಕ್ಕೆ ಏಳುವುದು ಬಿಟ್ಟು ಹಸಿವಾದದ್ದಕ್ಕೆ ಎದ್ದಿತು. ಎಚ್ಚರವೆಲ್ಲ ಬಿಲ್ಲೆಯ ಮೇಲಿರುವಾಗ ಊರಿಗೆ ಬೇರೆ ಯಾಕೆ ಎಂದ ದಳವಾಯಿ.

ಎರಡನೆಯದು ಹುಣಸೆಮರ. “ಹುಣಸೆಯೆಂದರೆ ಸ್ಥೈರ್ಯ” ಎಂದರು ಶಾಸ್ತ್ರಿಗಳು. ಊರಿನ ಹುಣಸೆಮರಗಳನ್ನೆಲ್ಲ ಕಡಿದು ಹೊಳೆಗೆ ತಳ್ಳಿದರು. ಅವು ತೇಲಿಹೋಗಿ ಆಚೆ ದಡದಲ್ಲಿ ಬೇರು ಬಿಟ್ಟವಂತೆ. ಕಡಿದ ಮರ ಹೇಗೆ ಬೇರು ಬಿಟ್ಟೀತು ಎನ್ನಬೇಡಿ, ಆಚೆ ದಡದ ಮಣ್ಣು ಹಾಗಿತ್ತು. ಈಚೆ ದಡದ ಸಾರು ಸಪ್ಪೆಯಾಯಿತು. ಸಾರು ಹೋದರೆ ಹೋಗಲಿ, ಹಿತ್ತಾಳೆ ತಿಕ್ಕುವುದಕ್ಕೂ ಹುಣಸೆಹಣ್ಣಿಲ್ಲದೆ ಪಟಾಲಮಿನ ಬಿಲ್ಲೆಗಳೇ ಕಪ್ಪಾಗಿ, ಹಸಿರಾಗಿ ಕಿಲುಬು ಹಿಡಿದವು. “ಇದು ಕಿಲುಬಲ್ಲ, ಗಾಂಭೀರ್ಯ” ಎಂದರು ಶಾಸ್ತ್ರಿಗಳು.

ಮೂರನೆಯದು ದೀಪ. ದೀಪವೆಂದರೆ ಜ್ಞಾನ. ಅಂದಿನಿಂದ ಊರು ಹೊತ್ತು ಮುಳುಗುವ ಮೊದಲೇ ಉಂಡು, ಕತ್ತಲಾದ ಮೇಲೆ ಗೋಡೆ ತಡವರಿಸಿಕೊಂಡು ಹಾಸಿಗೆ ಸೇರತೊಡಗಿತು.

ಈ ಬಿಲ್ಲೆಗಳನ್ನೆಲ್ಲ ಮಾಡುತ್ತಿದ್ದವನು ಒಬ್ಬ ಅಚ್ಚುಗಾರ. ಉಕ್ಕಿನ ತುಂಡಿನ ಮೇಲೆ ಉಳಿಯಿಂದ ತಗ್ಗು ಕೊರೆಯುವುದು, ಅದರ ಮೇಲೆ ಹಿತ್ತಾಳೆಯ ತಗಡಿಟ್ಟು ಬಡಿಯುವುದು ಅವನ ಕೆಲಸ. ತಗ್ಗಿದ್ದದ್ದು ಉಬ್ಬಾಗಿ ಬರುತ್ತಿತ್ತು, ಎಡಕ್ಕಿದ್ದದ್ದು ಬಲಕ್ಕೆ ಬರುತ್ತಿತ್ತು. ಸದಾ ತಿರುಗುಮುರುಗು ಕೊರೆದು ಕೊರೆದು ಅವನ ಬುದ್ಧಿಗೂ ಅದೇ ಅಭ್ಯಾಸ ಹತ್ತಿತ್ತು. ಹುಂಜದ ಅಚ್ಚು ಕೊರೆಯುವಾಗ ಅದರ ಮುಖಕ್ಕೆ ದಳವಾಯಿಯ ಮೂಗನ್ನೇ ಇಟ್ಟಿದ್ದ. ಊರೆಲ್ಲ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಿತ್ತು. ದಳವಾಯಿಯೊಬ್ಬ ಮಾತ್ರ, ಈ ಹುಂಜಕ್ಕೆ ಎಂಥಾ ರಾಜಕಳೆ ಎಂದು ಅವನಿಗೆ ಶಾಲು ಹೊದಿಸಿದ್ದ. ಅಂದಿನಿಂದ ಅಚ್ಚುಗಾರನಿಗೆ ಒಂದು ಧೈರ್ಯ. ದಳವಾಯಿಗಿಂತ ತಾನು ಜಾಣ.

ಅವನ ಹೆಂಡತಿಗೆ ಆ ಧೈರ್ಯವಿರಲಿಲ್ಲ. “ನಾಳೆ ನಿಮ್ಮ ಬಿಲ್ಲೆ ಮೇಲೆ ಸೌಟು ಏರಿದರೆ ಅನ್ನ ಯಾವುದರಲ್ಲಿ ಬಡಿಸ್ಲಿ? ನಿಮ್ಮ ಸುತ್ತಿಗೇಲೋ?” ಎನ್ನುತ್ತಿದ್ದಳು.

“ಸೌಟು ವೀರರ ಗುರುತಲ್ಲ ಕಣೇ.”

“ಸೌಟಿನಲ್ಲಿ ಹೊಡೆಸ್ಕೊಂಡಿಲ್ಲ ನೀವು, ಅದಕ್ಕೆ ಹಾಗಂತೀರಿ.”

“ನಾನು ಕೊರೆಯೋನು. ಏನು ಕೊರೀಬೇಕು ಅನ್ನೋದು ಶಾಸ್ತ್ರಿಗಳ ತಲೆನೋವು” ಎಂದು ಅವನು ನಗುತ್ತಿದ್ದ.

ಆ ನಗು ನಿಂತದ್ದು ಮಗ ಪಟಾಲಮು ಸೇರಿದ ದಿನ. ಮನೆಗೊಬ್ಬ ಹೋಗಬೇಕಾಗಿತ್ತು, ಇವರ ಮನೆಯಲ್ಲಿ ಇದ್ದವನೇ ಒಬ್ಬ. ಅಪ್ಪ ಕೊರೆದ ಹುಂಜ, ಅಪ್ಪ ಕೊರೆದ ಮರ, ಅಪ್ಪ ಕೊರೆದ ದೀಪ ಮಗನ ಹಣೆಯ ಮೇಲೆ ಕೂತವು. ಅಚ್ಚುಗಾರನಿಗೆ ಗೊತ್ತಿದ್ದ ಒಂದು ಸಂಗತಿ ಊರಿಗೆ ಗೊತ್ತಿರಲಿಲ್ಲ. ಪ್ರತಿ ಯುದ್ಧದ ನಂತರ ಒಂದು ಗೋಣಿಚೀಲದ ತುಂಬ ನೆಗ್ಗಿದ ಬಿಲ್ಲೆಗಳು ಅವನ ಅಂಗಡಿಗೆ ಬರುತ್ತಿದ್ದವು. ತಟ್ಟಿ ಸರಿಮಾಡಿ ಕೊಡಬೇಕಾಗಿತ್ತು, ಬೇರೆ ತಲೆಗಳಿಗೆ ಇಡಲು. ಕೆಲವಕ್ಕೆ ನಡುವಿನಲ್ಲೇ ತೂತು. ಆ ತೂತಿನ ಹಿಂದೆ ಏನಿತ್ತು ಎಂಬುದನ್ನು ಅವನು ಯೋಚಿಸದೆ ಬಡಿಯುವುದನ್ನು ಕಲಿತಿದ್ದ. ಈಗ ಒಂದೊಂದನ್ನೂ ತಿರುಗಿಸಿ ನೋಡತೊಡಗಿದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಮಗ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಕಣ್ಣೆದುರು ಕೂತು ಉಣ್ಣಬೇಕು.

ಆ ಸಲ ಪಟಾಲಮು ಗೆದ್ದು ಬಂತು, ಮಗನೂ ಬಂದ. ಚೀಲವೂ ಬಂತು, ಹಿಂದಿಗಿಂತ ಭಾರವಾಗಿ. ದಳವಾಯಿಯ ಜಗಲಿಯ ಮೇಲೆ ಹೊಸ ಗುರುತಿನ ಸಭೆ ಸೇರಿತು.

“ಈ ಸಲ ಕೊಡ” ಎಂದರು ಶಾಸ್ತ್ರಿಗಳು. “ಕೊಡವೆಂದರೆ ಪೂರ್ಣತೆ.”

ಜಗಲಿಯ ಕೆಳಗೆ ನಿಂತಿದ್ದ ಹೆಂಗಸರು ಸೊಂಟದ ಕೊಡಗಳನ್ನು ಇನ್ನೂ ಬಿಗಿಯಾಗಿ ಅವಚಿಕೊಂಡರು.

ಅಚ್ಚುಗಾರ ಕೈಮುಗಿದು ಎದ್ದ. “ಬುದ್ಧೀ, ಒಂದು ಮಾತು. ಹುಂಜ ಆಯ್ತು, ಮರ ಆಯ್ತು, ದೀಪ ಆಯ್ತು. ಇವ್ಯಾವೂ ಯುದ್ಧಕ್ಕೆ ಹೋಗಿರಲಿಲ್ಲವಲ್ಲ. ಗೆದ್ದೋನು ಸಿಪಾಯಿ. ಅವನನ್ನೇ ಯಾಕೆ ಬಿಲ್ಲೆಗೆ ಏರಿಸಬಾರದು?”

ಶಾಸ್ತ್ರಿಗಳ ಕಣ್ಣು ಒದ್ದೆಯಾಯಿತು. “ಸಿಪಾಯಿಯೆಂದರೆ... ಸಿಪಾಯಿಯೆಂದರೆ ಎಲ್ಲವೂ!”

ದಳವಾಯಿ ಅಚ್ಚುಗಾರನನ್ನೇ ನೋಡುತ್ತ ಕೂತ. “ಸಿಪಾಯಿ ಬಿಲ್ಲೆಗೇರಿದರೆ ಊರಿನಲ್ಲಿ ಸಿಪಾಯಿ ಇರುವ ಹಾಗಿಲ್ಲವಲ್ಲಯ್ಯ.”

“ಕಟ್ಟಳೆ ಕಟ್ಟಳೆಯೇ ಅಲ್ಲವೇ ಬುದ್ಧಿ.”

“ಕಟ್ಟಳೆ ಕಟ್ಟಳೆಯೇ” ಎಂದು ದಳವಾಯಿ ಮುಗುಳ್ನಕ್ಕ. ಬುದ್ಧಿಯಿದ್ದವನು ಆ ನಗು ನೋಡಿದ ಕೂಡಲೇ ಮಾತು ಹಿಂದಕ್ಕೆ ತಗೊಳ್ಳುತ್ತಿದ್ದ. ಅಚ್ಚುಗಾರನಿಗೆ ಇದ್ದದ್ದು ಜಾಣತನ.

ಮನೆಗೆ ಓಡಿಬಂದವನೇ ಹೆಂಡತಿಗೆ ಹೇಳಿದ: “ಮುಗೀತು ಪಟಾಲಮು! ಬಿಲ್ಲೆ ಮೇಲೆ ಸಿಪಾಯಿ ಏರಿದ ದಿನವೇ ಊರಲ್ಲಿ ಸಿಪಾಯಿ ಇರೋ ಹಾಗಿಲ್ಲ. ಎಲ್ಲಾರೂ ಅಂಗಿ ಬಿಚ್ಚಲೇಬೇಕು. ಮಗ ಊಟಕ್ಕೆ ಬರ್ತಾನೆ, ಎಲೆ ಹಾಕಿಡು.”

“ಅವರ ಕಟ್ಟಳೇಲಿ ಅವರನ್ನೇ ಕಟ್ತೀರಾ?”

“ನೋಡ್ತಾ ಇರು.”

“ಇಷ್ಟು ತಲೆ ಓಡೋರಾಗಿದ್ದರೆ ಅಡಿಗೆಮನೆ ಸೋರೋದನ್ನ ಯಾವಾಗಲೋ ನಿಲ್ಲಿಸ್ತಿದ್ರಿ” ಎಂದಳು ಅವಳು. ಆದರೂ ಹಿತ್ತಿಲಿಗೆ ಹೋಗಿ ಒಂದು ಒಳ್ಳೆಯ ಬಾಳೆಲೆ ನೋಡಿಟ್ಟುಕೊಂಡಳು.

ಬಿಲ್ಲೆಯ ಮೇಲೆ ಉಳಿದಿದ್ದ ಜಾಗ, ಹುಂಜದ ಬಾಲಕ್ಕೂ ದೀಪದ ಕುಡಿಗೂ ನಡುವೆ, ಕಿರುಬೆರಳ ಉಗುರಿನಷ್ಟು. ಅಚ್ಚುಗಾರ ಮೊದಲು ಟೋಪಿ, ಗುಂಡಿ, ನಡುಪಟ್ಟಿ ಎಲ್ಲ ಇಟ್ಟು ಕೊರೆದ. ಅಷ್ಟು ಸಣ್ಣ ಜಾಗದಲ್ಲಿ ಅವೆಲ್ಲ ಕಲಸಿಹೋಗಿ ಸಿಪಾಯಿ ರಾಗಿಮೂಟೆಯಂತೆ ಕಂಡ. ಅರದಲ್ಲಿ ಉಜ್ಜಿ ಅಳಿಸಿದ. ಸಣ್ಣ ಜಾಗಕ್ಕೆ ಬರಿಯ ಆಕಾರವೇ ಲೇಸು ಎಂಬುದು ಕೆಲಸ ಬಲ್ಲವರ ಮಾತು. ಹಾಗಾದರೆ ಯಾವ ಆಕಾರ? ಬೆಳಗ್ಗೆ ಹಾಸಿಗೆಯಿಂದೆದ್ದ ಮಗ ಬಾಗಿಲಲ್ಲಿ ನಿಂತು ಎರಡೂ ಕೈ ಮೇಲೆತ್ತಿ ಮೈಮುರಿಯುವುದು ಅವನ ಕಣ್ಣಿಗೆ ಕಟ್ಟಿತ್ತು. ಅದನ್ನೇ ಕೊರೆದ. ಊರಿದ ಎರಡು ಕಾಲು, ಎತ್ತಿದ ಎರಡು ಕೈ, ನೆಟ್ಟಗಿನ ಬೆನ್ನು. ಅಷ್ಟು ಚೆಂದದ ಕೆಲಸ ಅವನ ಕೈಯಿಂದ ಹಿಂದೆ ಬಂದಿರಲಿಲ್ಲ.

ಕವಾಯತಿನ ಬಯಲಿನಲ್ಲಿ ಊರೆಲ್ಲ ಸೇರಿತು. ದಳವಾಯಿ ಹೊಸ ಬಿಲ್ಲೆಯನ್ನು ಶಾಸ್ತ್ರಿಗಳ ಕೈಗೆ ಕೊಟ್ಟ. “ನೋಡಿ ಹೇಳಿ. ಇದು ಸಿಪಾಯಿಯೇ?”

ಶಾಸ್ತ್ರಿಗಳು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. “ಟೋಪಿಯಿಲ್ಲ. ಅಂಗಿಯಿಲ್ಲ. ಕತ್ತಿಯಿಲ್ಲ. ಎರಡು ಕಾಲು, ಎರಡು ಕೈ, ನೆಟ್ಟಗಿನ ಬೆನ್ನು. ಇದು ಸಿಪಾಯಿಯಲ್ಲ, ಹರೆಯದ ಹುಡುಗ.”

“ಹಾಗಾದರೆ?”

“ಬಿಲ್ಲೆಗೇರಿದ್ದು ಬೀದಿಯಲ್ಲಿರಬಾರದು.”

ಅಚ್ಚುಗಾರ ಮುಂದೆ ನುಗ್ಗಿದ. “ಬುದ್ಧೀ, ಅದು ಸಿಪಾಯೀನೇ! ಗುಂಡಿ ಇಡೋಕೆ ಜಾಗ ಇರಲಿಲ್ಲ, ಜಾಗ ಇರಲಿಲ್ಲ ಅಷ್ಟೇ...”

“ಇಷ್ಟು ಚಿಕ್ಕ ಜಾಗದಲ್ಲಿ ಎಷ್ಟು ದೊಡ್ಡ ಅರ್ಥ ಇಟ್ಟಿದ್ದೀಯಯ್ಯ!” ಎಂದು ದಳವಾಯಿ ಅವನಿಗೆ ಇನ್ನೊಂದು ಶಾಲು ಹೊದಿಸಿದ.

ಅಂಗಿ ಬಿಚ್ಚಿದರೆ ಉಳಿಯುವ ಹಾಗಿರಲಿಲ್ಲ, ಬಿಲ್ಲೆಯ ಮೇಲಿದ್ದವನೂ ಅಂಗಿ ಬಿಚ್ಚಿದವನೇ. ಪಟಾಲಮಿನ ಹುಡುಗರಷ್ಟೇ ಅಲ್ಲ, ಊರಿನಲ್ಲಿ ಎರಡು ಕೈಯಿದ್ದ ಹರೆಯದವರೆಲ್ಲ ನದಿಯ ಕಡೆಗೆ ನಡೆದರು. ಕುಂಬಾರರ ಹುಡುಗ ಕೈಯ ಮಣ್ಣು ತೊಳೆಯದೆ ಬಂದ. ಮದುಮಗನೊಬ್ಬ ಬಾಸಿಂಗದ ಸಮೇತ ಬಂದ. ಹವಾಲ್ದಾರರು ಮಾತ್ರ ಉಳಿದುಕೊಂಡರು. ಅವರಿಗೆ ಹೊಟ್ಟೆ ಇತ್ತು, ಬಿಲ್ಲೆಯ ಮೇಲಿನವನಿಗೆ ಹೊಟ್ಟೆ ಇರಲಿಲ್ಲ. ಅದೇ ವಾಲಗ, ಅದೇ ಕುಂಕುಮ, ಅದೇ ದೋಣಿ. “ನಮ್ಮ ಹುಡುಗನಿಗೆ ಎಂಥಾ ಭಾಗ್ಯ ಬಂತು” ಎಂದು ತಾಯಂದಿರು ಹೇಳಬೇಕಾದದ್ದನ್ನು ಹೇಳಿದರು. ಅರ್ಧಕ್ಕೇ ನಿಲ್ಲಿಸಿದವರ ಪಾಲಿನದನ್ನು ಹವಾಲ್ದಾರರು ಹೇಳಿ ಮುಗಿಸಿದರು.

ಮಗ ದೋಣಿಗೆ ಕಾಲಿಡುವ ಮುಂಚೆ ಟೋಪಿ ತೆಗೆದು ಹೊಸ ಬಿಲ್ಲೆಯನ್ನು ನೋಡಿದ.

“ಅಪ್ಪಾ, ಇದು ನಾನೇ ಅಲ್ವಾ? ಬಾಗಿಲಲ್ಲಿ ಮೈಮುರಿಯೋ ಹಾಗಿದೆ.”

ಅಚ್ಚುಗಾರ ಮಗನ ಅಂಗಿಯ ಗುಂಡಿ ಹಾಕಿದ.

“ಚೆನ್ನಾಗಿ ಬಂದಿದೆ” ಎಂದು ಮಗ ಟೋಪಿ ಹಾಕಿಕೊಂಡ.

ಯುದ್ಧವಿದ್ದದ್ದು ಆಚೆ ದಡದಲ್ಲೇ ಆದ್ದರಿಂದ ದಳವಾಯಿಗೆ ಕೆಲಸ ಹಗುರಾಯಿತು. ಹಿಂದೆ ಕಳಿಸಬೇಕಿತ್ತು, ಉಳಿದವರನ್ನು ಕರೆತರಬೇಕಿತ್ತು. ಈಗ ಕಳಿಸಿದ್ದಾಗಿತ್ತು. ಸಂಜೆಯ ಹೊತ್ತು ಹೆತ್ತವರು ಈಚೆ ದಡದಲ್ಲಿ ನಿಲ್ಲುತ್ತಿದ್ದರು, ಹುಡುಗರು ಆಚೆ ದಡದಲ್ಲಿ. ಮಾತು ಕೇಳಿಸದಷ್ಟು ಅಗಲದ ನದಿ. ತಾವು ಕಾಣಲೆಂದು ಹುಡುಗರು ಎರಡೂ ಕೈ ಎತ್ತಿ ನಿಲ್ಲುತ್ತಿದ್ದರು. ದಡದುದ್ದಕ್ಕೂ ಬಿಲ್ಲೆಗಳನ್ನು ಸಾಲಾಗಿ ನೆಟ್ಟಂತೆ ಕಾಣುತ್ತಿತ್ತು.

ಹೀಗಿರುವಾಗ ಒಂದು ದಿನ ಅಂಬಿಗ ಕುಂಬಾರರ ಹುಡುಗನನ್ನು ದೋಣಿಯಲ್ಲಿ ಕರೆತಂದ. ಯುದ್ಧದಲ್ಲಿ ಅವನ ಎಡಗೈ ಹೋಗಿತ್ತು. ಹವಾಲ್ದಾರ ತಡೆದು, ತನ್ನ ಬಿಲ್ಲೆಯನ್ನು ಬಿಚ್ಚಿ ಹುಡುಗನ ಪಕ್ಕಕ್ಕೆ ಹಿಡಿದ. ಶಾಸ್ತ್ರಿಗಳನ್ನು ಕರೆಸಿದರು. ಅವರು ಬಿಲ್ಲೆ ನೋಡಿದರು, ಹುಡುಗನನ್ನು ನೋಡಿದರು, ಮತ್ತೆ ಬಿಲ್ಲೆ ನೋಡಿದರು.

“ಅವನಿಗೆ ಎರಡು ಕೈ. ಇವನಿಗೆ ಒಂದು. ಇವನು ಬಿಲ್ಲೆಯ ಮೇಲಿಲ್ಲ. ಬರಬಹುದು.”

ಊರು ಹಬ್ಬ ಮಾಡಿತು. ಅಂದಿನಿಂದ ಊರಿನ ತಾಯಂದಿರ ಹರಕೆ ಬದಲಾಯಿತು. ಏನೆಂದು ಬಿಡಿಸಿ ಹೇಳುವುದಕ್ಕೆ ನಾಲಗೆ ಬರುವುದಿಲ್ಲ. ದೇವರೆದುರು ನಿಂತ ಅಚ್ಚುಗಾರನ ಹೆಂಡತಿ ಒಂದೇ ಕೈ ಎತ್ತಿ ಮುಗಿಯುವುದನ್ನು ಅವನು ನೋಡಿದ, ನೋಡದವನ ಹಾಗೆ ಹೊರಗೆ ಹೋದ.

ಹರಕೆ ಫಲಿಸಿತು. ಒಂದು ಮಧ್ಯಾಹ್ನ ಮಗ ಬಾಗಿಲಲ್ಲಿ ನಿಂತಿದ್ದ. ಅಂಗಿಯ ಬಲತೋಳು ಖಾಲಿಯಾಗಿ ನೇತಾಡುತ್ತಿತ್ತು. ತಾಯಿ ಅವನ ಮೈಯನ್ನು ತಡವಿದಳು, ತೋಳಿನ ತುದಿಗೆ ಬಂದಾಗ ಅವಳ ಕೈ ಅಲ್ಲೇ ಸುತ್ತಿತು. ಆಮೇಲೆ ಎದ್ದು ಎಲೆ ಹಾಕಿದಳು.

“ಯುದ್ಧದಲ್ಲಾ?” ಎಂದು ಕೇಳಿದ ಅಚ್ಚುಗಾರ.

ಮಗ ಎಡಗೈಯಲ್ಲಿ ಅನ್ನ ಕಲಸುತ್ತಿದ್ದ. “ಯುದ್ಧದಲ್ಲಿ ಅಂತ ಇಟ್ಕೊ.”

ಅಚ್ಚುಗಾರ ಹೊರಗೆ ಬಂದು ಅಂಬಿಗನನ್ನು ಹಿಡಿದ. ಅಂಬಿಗ ಕಣ್ಣು ತಪ್ಪಿಸಿದ. “ನನ್ನ ಕೇಳಬೇಡಣ್ಣಾ. ಈಚೆಗೆ ಆ ದಡದಲ್ಲಿ ಯುದ್ಧದ ಸದ್ದೇ ಇಲ್ಲ. ಕೊಡಲಿ ಸದ್ದು ಒಂದು ಕೇಳ್ತದೆ. ಹುಣಸೆಮರ ಕಡೀತಿರಬೇಕು ಅಂದ್ಕೋತೀನಿ ನಾನು. ನೀನೂ ಹಾಗೇ ಅಂದ್ಕೋ.”

ಒಬ್ಬೊಬ್ಬರಾಗಿ ಎಷ್ಟೋ ಹುಡುಗರು ಹಾಗೆ ಬಂದರು. ಊರಿನ ಬೀದಿಯಲ್ಲಿ ಮತ್ತೆ ಹರೆಯದ ದನಿ ಕೇಳಿಸತೊಡಗಿತು. ಮಗ ಬೆಳಗ್ಗೆ ಎದ್ದು ಬಾಗಿಲಲ್ಲಿ ನಿಂತು ಇದ್ದ ಒಂದು ಕೈಯೆತ್ತಿ ಮೈಮುರಿಯುತ್ತಿದ್ದ. ಅದನ್ನು ನೋಡುವುದಕ್ಕೂ ಅಚ್ಚುಗಾರ ಒಗ್ಗಿಕೊಂಡ. ಮನುಷ್ಯ ಒಗ್ಗಿಕೊಳ್ಳದ್ದು ಏನಿದೆ ಹೇಳಿ.

ಆಗ ದಳವಾಯಿಯೇ ಅಂಗಡಿಗೆ ಬಂದ. ಬೆನ್ನ ಹಿಂದೆ ಶಾಸ್ತ್ರಿಗಳು. ಶಾಸ್ತ್ರಿಗಳು ಯಾವಾಗಲೂ ಬೆನ್ನ ಹಿಂದೆಯೇ.

“ನಿನ್ನ ಮಗನಂಥವರನ್ನು ನೋಡಿ ನನ್ನ ಎದೆ ತುಂಬಿ ಬರುತ್ತದೆಯಯ್ಯ” ಎಂದ ದಳವಾಯಿ. “ಪಟಾಲಮಿಗಾಗಿ ಕೈಯನ್ನೇ ಅರ್ಪಿಸಿದವರು. ಅವರು ಹೀಗೆ ಬೀದಿಯಲ್ಲಿ, ಸೊಪ್ಪು ಮಾರುವವರ ನಡುವೆ ತಿರುಗುವುದು ಎಂಥಾ ಅವಮಾನ! ಬಿಲ್ಲೆಗೆ ಏರಿಸು. ಒಂಟಿಗೈಯ ಹುಡುಗ.”

“ತ್ಯಾಗ ಎಂದರ್ಥ” ಎಂದರು ಶಾಸ್ತ್ರಿಗಳು.

“ಜಾಗ ಇಲ್ಲ ಬುದ್ಧಿ” ಎಂದ ಅಚ್ಚುಗಾರ.

“ಚಿಕ್ಕ ಜಾಗದಲ್ಲಿ ದೊಡ್ಡ ಅರ್ಥ ಇಡುವವನಲ್ಲವೇ ನೀನು? ಹುಣ್ಣಿಮೆಗೆ ಕವಾಯತಿದೆ. ಅಷ್ಟರಲ್ಲಿ ಆಗಲಿ.”

ಅವರು ಹೋದ ಮೇಲೆ ಅಚ್ಚುಗಾರ ತಿರುಗಿ ನೋಡಿದ. ಒಳಬಾಗಿಲಲ್ಲಿ ಮಗ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಯೋಚನೆ ಮಾಡಬೇಡಪ್ಪಾ” ಎಂದ ಮಗ. “ಇನ್ನೊಂದು ಕೈ ಇದೆಯಲ್ಲ.”

ಒಳಗೆ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು.

ಅಚ್ಚುಗಾರ ಅಂದು ಉಳಿ ಮುಟ್ಟಲಿಲ್ಲ. ಮಾರನೆಯ ದಿನ ಅರ ತಗೊಂಡು ಅಚ್ಚಿನ ಮುಂದೆ ಕೂತ. ಹುಂಜ ಹೋಯಿತು. ಮರ ಹೋಯಿತು. ದೀಪ ಹೋಯಿತು. ಕೊನೆಗೆ ಮೈಮುರಿಯುವ ಹುಡುಗನನ್ನೂ ತೇಯ್ದ. ಉಕ್ಕು ನೀರಿನ ಹಾಗೆ ಸಪಾಟಾಯಿತು.

“ಏನು ಮಾಡ್ತಿದ್ದೀರಿ?” ಎಂದಳು ಹೆಂಡತಿ.

“ಎಲ್ಲಾರನ್ನೂ ಕೆಳಗಿಳಿಸ್ತಿದ್ದೀನಿ.”

ಆ ಬರಿಯ ಅಚ್ಚಿನ ಮೇಲೆ ತಗಡಿಟ್ಟು ಬಡಿದ. ಬಂದ ಬಿಲ್ಲೆಯ ಮೇಲೆ ಏನೂ ಇರಲಿಲ್ಲ. ಆದರೆ ಹಳೆಯ ಹಿತ್ತಾಳೆ, ಮಸಿ ಹಿಡಿದ ಬಾಣಲೆಯ ಹಾಗಿತ್ತು. ಬೂದಿಯಲ್ಲಿ ತಿಕ್ಕಿದ, ಮಣ್ಣಿನಲ್ಲಿ ತಿಕ್ಕಿದ. ಹೊಳಪು ಬರಲಿಲ್ಲ. “ಒಂದು ಚೂರು ಹುಣಸೆಹಣ್ಣಿದ್ದಿದ್ದರೆ...” ಎಂದು ತಲೆಯ ಮೇಲೆ ಕೈಹೊತ್ತು ಕೂತ.

ಹೆಂಡತಿ ಅಟ್ಟ ಹತ್ತಿದಳು. ಹರಕು ಚಾಪೆ, ಅದರ ಕೆಳಗೊಂದು ಜಾಡಿ, ಜಾಡಿಯ ತುಂಬ ಉಪ್ಪು, ಉಪ್ಪಿನ ತಳದಲ್ಲಿ ಕರ್ರಗಿನ ಒಂದು ಮುದ್ದೆ.

“ಇಷ್ಟು ವರ್ಷ ಬಚ್ಚಿಟ್ಟಿದ್ದೆಯಾ?”

“ಬಚ್ಚಿಡದ ಹೆಂಗಸು ಈ ಊರಲ್ಲಿ ಯಾರಿದ್ದಾರೆ ತೋರಿಸಿ. ನೀವು ಗಂಡಸರು ಬಿಲ್ಲೆಗೆ ಏರಿಸಿದ್ದನ್ನೆಲ್ಲ ನಾವು ಬಿಟ್ಟುಕೊಡ್ತಾ ಕೂತರೆ ಮನೆ ನಡೀಬೇಕಲ್ಲ.”

ಹುಳಿ ತಾಗಿದ್ದೇ ಹಿತ್ತಾಳೆ ಬೆಳಗಿತು. ಅಚ್ಚುಗಾರ ತಿಕ್ಕಿದ, ತೊಳೆದ, ಒರೆಸಿದ, ಮತ್ತೆ ತಿಕ್ಕಿದ. ಕೊನೆಗೆ ಅಂಗೈಯ ಬಿಲ್ಲೆಯೊಳಗಿಂದ ಒಂದು ಮುಖ ಅವನನ್ನು ನೋಡಿತು. ಅವನದೇ ಮುಖ.

“ನೋಡು” ಎಂದು ಹೆಂಡತಿಗೆ ತೋರಿಸಿದ. “ಬಯಲಲ್ಲಿ ಎಲ್ಲರ ಎದುರಿಗೆ ಇದನ್ನು ದಳವಾಯಿ ಕೈಗೆ ಕೊಡ್ತೀನಿ. ಅವನು ನೋಡ್ತಾನೆ. ಯಾರು ಕಾಣ್ತಾರೆ?”

“ದಳವಾಯಿ.”

“ಬಿಲ್ಲೆಗೇರಿದ್ದು?”

ಎಷ್ಟೋ ಕಾಲದ ಮೇಲೆ ಅವಳು ನಕ್ಕಳು. ಮಗನೂ ನಕ್ಕ. ಆ ದಿನ ಉಳಿದ ಹುಳಿಯಲ್ಲಿ ಸಾರು ಮಾಡಿ ಮೂವರೂ ಉಂಡರು.

ಹುಣ್ಣಿಮೆಯ ಬೆಳಗ್ಗೆ ಬಯಲು ತುಂಬಿತ್ತು. ಒಂಟಿಗೈಯ ಹುಡುಗರನ್ನು ಒಂದು ಬದಿಗೆ ನಿಲ್ಲಿಸಿ ಹಣೆಗೆ ಆಗಲೇ ಕುಂಕುಮ ಹಚ್ಚಿದ್ದರು. ವಾಲಗದವರು ಪೀಪಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಅಚ್ಚುಗಾರ ಬಟ್ಟೆಯಲ್ಲಿ ಸುತ್ತಿದ ಬಿಲ್ಲೆಯನ್ನು ತಂದು ದಳವಾಯಿಯ ಅಂಗೈಯಲ್ಲಿಟ್ಟು ಬಟ್ಟೆ ಸರಿಸಿದ. ಊರು ಅಂಥಾ ಹೊಳಪನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಹಿಂದಿನವರು ತುದಿಗಾಲಲ್ಲಿ ನಿಂತರು.

“ನೋಡಬೇಕು ಬುದ್ಧಿ” ಎಂದ ಅಚ್ಚುಗಾರ. “ಒಳಗೆ ಯಾರಿದ್ದಾರೆ ನೋಡಬೇಕು.”

ದಳವಾಯಿ ನೋಡಲಿಲ್ಲ. ದಳವಾಯಿಗಳು ಬಿಲ್ಲೆ ನೋಡುವುದಿಲ್ಲ. ಕೈಗೆ ಬಂದ ಬಿಲ್ಲೆಯನ್ನು ಬೆರಳುಗಳು ತಮ್ಮ ಅಭ್ಯಾಸದಂತೆ ಹೊರಮುಖವಾಗಿ ತಿರುಗಿಸಿದವು, ಪೇಟಕ್ಕೆ ಚುಚ್ಚಿದವು. ಆಮೇಲೆ ಅವನು ಒಂದು ಹೆಜ್ಜೆ ಮುಂದೆ ಬಂದು ಅಚ್ಚುಗಾರನ ಮುಖಕ್ಕೆ ಮುಖ ಕೊಟ್ಟು ನಿಂತ.

“ನಾನು ಯಾಕಯ್ಯ ನೋಡಲಿ? ನೀನು ನೋಡಿ ಹೇಳು. ಯಾರಿದ್ದಾರೆ?”

ಅಚ್ಚುಗಾರ ತಲೆ ಎತ್ತಿದ. ಬಿಲ್ಲೆಯೊಳಗೆ ಒಬ್ಬ ಮುದುಕ ಬಾಯಿ ತೆರೆದು ನಿಂತಿದ್ದ. ಅಷ್ಟು ಹೊತ್ತಿಗೆ ಅವನಿಗೆ ಅರ್ಥವಾಗಿತ್ತು. ಎಷ್ಟೋ ಸಾವಿರ ಬಿಲ್ಲೆಗಳನ್ನು ಅವನು ಅಂಗೈಯಲ್ಲಿಟ್ಟು ನೋಡಿದ್ದ. ತಲೆಗೆ ಇಟ್ಟುಕೊಂಡಿರಲಿಲ್ಲ.

“ನಾನು, ಬುದ್ಧಿ.”

“ತೊಟ್ಟವನು ನೋಡಿಕೊಳ್ಳಲಿ ಎಂದು ಯಾರೂ ಬಿಲ್ಲೆ ಮಾಡಿಸುವುದಿಲ್ಲ. ಎದುರಿಗೆ ನಿಂತವನು ನೋಡಲಿ ಎಂದು ಮಾಡಿಸುವುದು. ನಿನಗೆ ಇದೊಂದು ಗೊತ್ತಿರಲಿಲ್ಲ ನೋಡು.” ದಳವಾಯಿ ಹಿಂದಕ್ಕೆ ತಿರುಗದೆಯೇ ಕೇಳಿದ. “ಶಾಸ್ತ್ರಿಗಳೇ, ಏನಂತೀರಿ?”

“ಬಿಲ್ಲೆಗೇರಿದ್ದು ಬೀದಿಯಲ್ಲಿರಬಾರದು” ಎಂದರು ಶಾಸ್ತ್ರಿಗಳು, ಬೆನ್ನ ಹಿಂದಿನಿಂದ.

“ಒಂಟಿಗೈಯವನೂ ಬೇಡ, ಎರಡು ಕೈಯವನೂ ಬೇಡ. ಇದೊಂದು ಸಾಕು” ಎಂದ ದಳವಾಯಿ. ಶಾಲು ತರಿಸಿದ. ಮೂರನೆಯ ಶಾಲು.

ವಾಲಗ ಊದಿತು. ಅಚ್ಚುಗಾರನ ಹಣೆಗೆ ಹೆಂಡತಿಯೇ ಕುಂಕುಮ ಹಚ್ಚಬೇಕಾಯಿತು. ಹೇಳಬೇಕಾದ ಮಾತನ್ನು ಅವಳು ಹೇಳಲಿಲ್ಲ, ಹವಾಲ್ದಾರನೊಬ್ಬ ಹೇಳಿದ. ಅಂಬಿಗ ಹುಟ್ಟು ಹಾಕುತ್ತಿದ್ದಾಗ ನಡುಹೊಳೆಯಲ್ಲಿ ಎದುರಿಗೆ ದೋಣಿಗಳು ಬಂದವು. ಬಿಲ್ಲೆಯ ಮೇಲೆ ಈಗ ಹುಡುಗನಿರಲಿಲ್ಲವಲ್ಲ, ಆದ್ದರಿಂದ ಆಚೆ ಉಳಿದಿದ್ದ ಹುಡುಗರೆಲ್ಲ ಮನೆಗೆ ಬರುತ್ತಿದ್ದರು, ಎರಡೆರಡು ಕೈ ಬೀಸುತ್ತ, ಬುಟ್ಟಿಗಳಲ್ಲಿ ಹುಂಜ ತುಂಬಿಕೊಂಡು. ಕೊಡಲಿಗೆ ಅವಸರ ಮಾಡದೆ ಕಾದವರು. ಅಚ್ಚುಗಾರ ತಿರುಗಿ ನೋಡಿದ. ದಡದ ಮೇಲೆ ಅವನ ಮಗ ಆ ಕೈಗಳನ್ನೇ ನೋಡುತ್ತ ನಿಂತಿದ್ದ, ಖಾಲಿ ತೋಳನ್ನು ಎಡಗೈಯಲ್ಲಿ ಹಿಡಿದುಕೊಂಡು.

ಆಚೆ ದಡದಿಂದ ಅಚ್ಚುಗಾರನಿಗೆ ಊರು ಕಾಣುತ್ತದೆ. ಬೆಳಗ್ಗೆ ಹುಂಜ ಕೂಗುವುದು ಕೇಳಿಸುತ್ತದೆ. ಗಾಳಿ ಅವನ ಕಡೆ ಬೀಸಿದರೆ ಹುಳಿಸಾರಿನ ಘಮ ಬರುತ್ತದೆ. ಹೊತ್ತು ಮುಳುಗಿದರೆ ಕಿಟಕಿ ಕಿಟಕಿಯಲ್ಲಿ ದೀಪ. ಏರಿಸಿದ್ದನ್ನೆಲ್ಲ ಇಳಿಸಿದವನು ಅವನೇ, ಯಾರು ಅಲ್ಲವೆಂದಾರು? ಹುಣಸೆಹಣ್ಣು ಧಾರಾಳವಾಗಿ ಸಿಗುವುದರಿಂದ ಪಟಾಲಮಿನವರೆಲ್ಲರ ಹಣೆಯ ಮೇಲೂ ಅದೇ ಬಿಲ್ಲೆ ಥಳಥಳ ಹೊಳೆಯುತ್ತದೆ. ಸಾಲಿನಲ್ಲಿ ನಿಂತವನಿಗೆ ಮುಂದಿನವನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ, ಹಾಗಾಗಿ ಪಟಾಲಮಿಗೆ ಏನೂ ತೊಂದರೆಯಿಲ್ಲ. ತೊಂದರೆ ಊರಿನವರಿಗೆ. ಎದುರಿಗೆ ಸಿಪಾಯಿ ಬಂದರೆ ಥಟ್ಟನೆ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ತಿರುಗುವುದು ತಡವಾದವರು ಕುಂಕುಮ ಹಚ್ಚಿಸಿಕೊಂಡು ದೋಣಿ ಹತ್ತುತ್ತಾರೆ. “ಇದು ಬೆನ್ನು ತಿರುಗಿಸುವುದಲ್ಲ, ವಿನಯ” ಎಂದಿದ್ದಾರಂತೆ ಶಾಸ್ತ್ರಿಗಳು. ಹೊಸದಾಗಿ ದಾಟಿ ಬಂದವರು ಹೇಳಿದ್ದು. ಈಗೀಗ ಊರಿನ ಜನ ಸಿಪಾಯಿಗಷ್ಟೇ ಅಲ್ಲ, ಮುಖ ತೋರಿಸುವ ಯಾವುದಕ್ಕೂ ಹೆದರುತ್ತಾರೆ. ಬೆಳಗಿದ ಚೊಂಬಿಗೆ, ತುಂಬಿದ ಹಂಡೆಗೆ, ನಿಂತ ನೀರಿಗೆ.

ಮಗ ದಿನಾ ಬೆಳಗ್ಗೆ ನದಿಗೆ ನೀರಿಗೆ ಬರುತ್ತಾನೆ. ದಡಕ್ಕೆ ಬಂದವನೇ ನೀರಿಗೆ ಬೆನ್ನು ಹಾಕುತ್ತಾನೆ. ಹಿಮ್ಮುಖವಾಗಿ ಬಾಗಿ, ಕೊಡವನ್ನು ಬೆನ್ನ ಹಿಂದೆ ಮುಳುಗಿಸಿ, ತಡವರಿಸಿ ತುಂಬಿಸಿಕೊಳ್ಳುತ್ತಾನೆ. ಆಚೆ ದಡದಲ್ಲಿ ಅಚ್ಚುಗಾರ ಎರಡೂ ಕೈ ಎತ್ತಿ ನಿಲ್ಲುತ್ತಾನೆ. ಕೂಗುತ್ತಾನೆ. ನದಿ ಅಗಲ.

ಕೊಡ ತುಂಬಿದ ಮೇಲೆ ಮಗ ಅದನ್ನು ಕೆಳಗಿಟ್ಟು, ಊರಿನ ಕಡೆ ಮುಖ ಮಾಡಿ, ಇದ್ದ ಒಂದು ಕೈಯೆತ್ತಿ ಮೈಮುರಿಯುತ್ತಾನೆ. ಆ ಬೆನ್ನು ಅಚ್ಚುಗಾರನಿಗೆ ಚೆನ್ನಾಗಿ ಕಾಣುತ್ತದೆ. ಅವನು ಕೊರೆದಂತೆಯೇ ಇದೆ, ನೆಟ್ಟಗೆ.